ಅಮೆರಿಕದ ಮೆಡಿಕಲ್ ಕಾಲೇಜು ಅರ್ಜಿ: ಶಿಫಾರಸು ಪತ್ರ ಯಾರಿಂದ, ಎಷ್ಟು, ಹೇಗೆ?

"ಎಂ.ಡಿ. ಕಾಲೇಜಿಗೂ ಡಿ.ಓ. ಕಾಲೇಜಿಗೂ ಅರ್ಜಿ ಹಾಕ್ತಿದ್ದೀನಿ, ಬೇರೆ ಬೇರೆ ಲೆಟರ್ ಬೇಕಾ?" "ಟೆಕ್ಸಸ್ ಕೂಡ ಸೇರಿಸಿಕೊಂಡರೆ ಪ್ರೊಫೆಸರು ಮೂರು ಸಲ ಅಪ್‌ಲೋಡ್ ಮಾಡಬೇಕಾ?" "ನಮ್ಮ ಮನೆಯವರ ಸ್ನೇಹಿತರು ದೊಡ್ಡ ಡಾಕ್ಟರು, ಅವರ ಹತ್ತಿರ ಬರೆಸಿದರೆ ಆಗುತ್ತಾ?" ಅರ್ಜಿಯ ಕಾಲ ಹತ್ತಿರ ಬಂತೆಂದರೆ ವಿದ್ಯಾರ್ಥಿಗಳಿಂದಲೂ ತಂದೆತಾಯಿಯರಿಂದಲೂ ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಪ್ರವೇಶ ಪರೀಕ್ಷೆಯ ರ್‍ಯಾಂಕಿನಿಂದಲೇ ಸೀಟು ಸಿಗುವ ವ್ಯವಸ್ಥೆಯಲ್ಲಿ ಓದಿದ ತಂದೆತಾಯಿಯರಿಗೆ ಈ ಪತ್ರಗಳ ತೂಕ ಸುಲಭಕ್ಕೆ ಅಂದಾಜಾಗುವುದಿಲ್ಲ. ಅಂಕ, ವೈದ್ಯಕೀಯ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆ, ಪ್ರಬಂಧ ಇವೆಲ್ಲ ಮಗು ತಾನೇ ಮಾಡುವ ಕೆಲಸ. ಪತ್ರ ಮಾತ್ರ ಇನ್ನೊಬ್ಬರ ಕೈಯಲ್ಲಿರುತ್ತದೆ, ಅವರ ಬಿಡುವಿನ ವೇಳೆಗೆ ಕಾಯಬೇಕಾಗುತ್ತದೆ. ಹಾಗಾಗಿ ಅರ್ಜಿಯ ಬೇರೆಲ್ಲ ಭಾಗಗಳಿಗಿಂತ ಮೊದಲು ಶುರು ಮಾಡಬೇಕಾದ ಕೆಲಸ ಇದು.

ನನ್ನ ಮುಖ್ಯ ಸಲಹೆಯನ್ನು ಈಗಲೇ ಹೇಳಿಬಿಡುತ್ತೇನೆ. ನೀವು ಅರ್ಜಿ ಹಾಕಲಿರುವ ಕಾಲೇಜುಗಳಲ್ಲಿ ಯಾವುದರ ನಿಯಮ ಅತ್ಯಂತ ಬಿಗಿಯಾಗಿದೆಯೋ ಅದಕ್ಕೆ ಹೊಂದುವಂತೆ ಪತ್ರಗಳನ್ನು ಯೋಜಿಸಿ. ಸಡಿಲ ನಿಯಮದ ಕಾಲೇಜುಗಳಿಗೆ ಅವೇ ಪತ್ರಗಳು ನಡೆಯುತ್ತವೆ. ತಿರುಗಾಮುರುಗಾ ಮಾಡಿದರೆ ಜುಲೈನಲ್ಲಿ ಯಾವುದೋ ಒಂದು ಪತ್ರಕ್ಕಾಗಿ ರಜೆಯಲ್ಲಿರುವ ಪ್ರೊಫೆಸರನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಯಾವ ಬಗೆಯ ಕಾಲೇಜು, ಯಾವ ದಾರಿ

ಎಂ.ಡಿ. ಎಂದರೆ ಅಮೆರಿಕದಲ್ಲಿ ವೈದ್ಯರಾಗಲು ಓದುವ ಮೂಲ ಪದವಿ. ಅದನ್ನು ಕೊಡುವ ಕಾಲೇಜುಗಳಲ್ಲಿ ಹೆಚ್ಚಿನವು ಆಮ್‌ಕ್ಯಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಪಡೆಯುತ್ತವೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ಇದನ್ನು ನಡೆಸುತ್ತದೆ.

ಡಿ.ಓ. ಎಂದರೆ ಆಸ್ಟಿಯೋಪಥಿಕ್ ವೈದ್ಯ ಪದವಿ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದರು. ಡಿ.ಓ. ವೈದ್ಯರು ಎಲ್ಲ 50 ರಾಜ್ಯಗಳಲ್ಲೂ ಪೂರ್ಣ ಪ್ರಮಾಣದ ವೈದ್ಯರಾಗಿ ಕೆಲಸ ಮಾಡುತ್ತಾರೆ, ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. 2020ರಿಂದ ಎಂ.ಡಿ. ಮತ್ತು ಡಿ.ಓ. ಪದವೀಧರರು ಆಮೇಲೆ ಆಸ್ಪತ್ರೆಯಲ್ಲಿ ಪಡೆಯುವ ರೆಸಿಡೆನ್ಸಿ ತರಬೇತಿಗೆ ಮಾನ್ಯತೆ ಕೊಡುವ ವ್ಯವಸ್ಥೆಯೂ ಒಂದೇ ಆಗಿದೆ. "ಅದು ಎರಡನೇ ದರ್ಜೆಯದು" ಎಂಬ ಮಾತು ನಮ್ಮವರ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ, ದಯವಿಟ್ಟು ಬಿಟ್ಟುಬಿಡಿ. ಈ ಕಾಲೇಜುಗಳ ಅರ್ಜಿ ವ್ಯವಸ್ಥೆಯ ಹೆಸರು ಆಕೋಮಾಸ್.

ಟೆಕ್ಸಸ್‌ನ ಸಾರ್ವಜನಿಕ ವೈದ್ಯಕೀಯ ಕಾಲೇಜುಗಳಿಗೆ ಟಿಎಂಡಿಎಸ್‌ಎಎಸ್ ಎಂಬ ಬೇರೆಯದೇ ವ್ಯವಸ್ಥೆ ಇದೆ. ಆ ರಾಜ್ಯದ ನಿವಾಸಿಗಳು ಇದನ್ನು ತಪ್ಪದೆ ನೋಡಬೇಕು.

ಎಂ.ಡಿ.-ಪಿಎಚ್.ಡಿ. ಜಂಟಿ ಕೋರ್ಸುಗಳ ಅರ್ಜಿ ಬಹುಮಟ್ಟಿಗೆ ಆಮ್‌ಕ್ಯಾಸ್ ಮೂಲಕವೇ ಹೋಗುತ್ತದೆ. ಆದರೆ ಅಲ್ಲಿ ಪತ್ರಗಳ ಅಗತ್ಯವೇ ಬೇರೆ, ಅದನ್ನು ಮೂರನೇ ಹಂತದಲ್ಲಿ ಹೇಳುತ್ತೇನೆ. ಹೈಸ್ಕೂಲಿನಿಂದ ನೇರವಾಗಿ ಸೇರುವ ಬಿ.ಎಸ್.-ಎಂ.ಡಿ. ಕೋರ್ಸುಗಳಿಗೆ ಬೇಕಾದದ್ದು ಶಾಲೆಯ ಕೌನ್ಸಿಲರ್ ಮತ್ತು ಶಿಕ್ಷಕರ ಪತ್ರ. ಅವು ಹೆಚ್ಚಾಗಿ ಹೈಸ್ಕೂಲಿನ ನಂತರದ ಕಾಲೇಜು ಪ್ರವೇಶಕ್ಕೆ ಬಳಸುವ ಕಾಮನ್ ಆ್ಯಪ್ ಎಂಬ ಅರ್ಜಿ ವ್ಯವಸ್ಥೆಯ ಮೂಲಕ ಹೋಗುತ್ತವೆ. ಈ ಲೇಖನದ ಉಳಿದ ಭಾಗ ಕಾಲೇಜು ಪದವಿಯ ನಂತರ ಅರ್ಜಿ ಹಾಕುವವರಿಗೆ.

ಹಂತ 1: ಪ್ರತಿ ಕಾಲೇಜಿನ ನಿಯಮವನ್ನು ಒಂದೇ ಹಾಳೆಗೆ ಇಳಿಸಿ

ಅರ್ಜಿ ವ್ಯವಸ್ಥೆಯ ನಿಯಮ ಒಂದು, ಕಾಲೇಜಿನ ನಿಯಮ ಇನ್ನೊಂದು. ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದಲೇ. ಆಮ್‌ಕ್ಯಾಸ್‌ನಲ್ಲಿ 10 ಪತ್ರಗಳವರೆಗೆ ನಮೂದಿಸಲು ಜಾಗವಿದೆ. ಹಾಗೆಂದು ಯಾವ ಕಾಲೇಜೂ 10 ಪತ್ರ ಕೇಳುತ್ತಿಲ್ಲ. ಒಂದು ಕಾಲೇಜು ಮೂರು ಸಾಕು ಎನ್ನಬಹುದು, ಇನ್ನೊಂದು "ಇಂತಿಷ್ಟಕ್ಕಿಂತ ಹೆಚ್ಚು ಕಳಿಸಬೇಡಿ" ಎಂದು ಮಿತಿ ಹಾಕಿರಬಹುದು.

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಕಾಲೇಜಿನ ಹೆಸರು, ಕನಿಷ್ಠ ಎಷ್ಟು ಪತ್ರ, ಗರಿಷ್ಠ ಎಷ್ಟು, ವಿಜ್ಞಾನದ ಪ್ರೊಫೆಸರುಗಳಿಂದ ಎಷ್ಟು, ವಿಜ್ಞಾನೇತರ ವಿಷಯದವರಿಂದ ಎಷ್ಟು, ವೈದ್ಯರ ಪತ್ರ ಕಡ್ಡಾಯವೇ, ಕಮಿಟಿ ಪತ್ರದ ಬಗ್ಗೆ ಏನು ಹೇಳಿದ್ದಾರೆ: ಇಷ್ಟು ಕಾಲಂ ಇರಲಿ. ಕಮಿಟಿ ಪತ್ರ ಎಂದರೇನೆಂದು ಮುಂದಿನ ಹಂತದಲ್ಲಿ ಹೇಳುತ್ತೇನೆ. ಎಂ.ಡಿ. ಕಾಲೇಜುಗಳ ಮಾಹಿತಿಗೆ ಎಎಎಂಸಿಯ ಎಂಎಸ್‌ಎಆರ್ ಎಂಬ ಮಾಹಿತಿಕೋಶವಿದೆ, ಪೂರ್ತಿ ನೋಡಲು ಹಣ ಕಟ್ಟಬೇಕು. ಡಿ.ಓ. ಕಾಲೇಜುಗಳಿಗೆ ಚೂಸ್ ಡಿಓ ಎಕ್ಸ್‌ಪ್ಲೋರರ್ ಇದೆ. ಇವೆರಡನ್ನು ನೋಡಿದ ಮೇಲೂ ಆಯಾ ಕಾಲೇಜಿನ ಪ್ರವೇಶ ವಿಭಾಗದ ಜಾಲತಾಣದಲ್ಲಿ ಒಮ್ಮೆ ಓದಿ ಖಚಿತ ಮಾಡಿಕೊಳ್ಳಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಎರಡು ವರ್ಷದ ಹಿಂದೆ ಸೇರಿದ ಅಕ್ಕನೋ ಅಣ್ಣನೋ ಹೇಳಿದ್ದು ಈಗ ಸರಿಯಿರಲಿಕ್ಕಿಲ್ಲ.

ಹಂತ 2: ನಿಮ್ಮ ಕಾಲೇಜು ಕಮಿಟಿ ಪತ್ರ ಕೊಡುತ್ತದೆಯೇ?

ಮೂರು ಪದಗಳನ್ನು ಬೇರೆ ಬೇರೆ ಮಾಡಿ ತಿಳಿಯಬೇಕು. ಒಬ್ಬ ವ್ಯಕ್ತಿ ಬರೆದದ್ದು ವೈಯಕ್ತಿಕ ಪತ್ರ. ನೀವು ಓದಿದ ಕಾಲೇಜಿನಲ್ಲಿ ವೈದ್ಯಕೀಯಕ್ಕೆ ಹೋಗುವವರಿಗೆ ಸಲಹೆ ಕೊಡುವ ಸಮಿತಿ ನಿಮ್ಮನ್ನು ಸಂದರ್ಶಿಸಿ, ಎಲ್ಲರ ಅಭಿಪ್ರಾಯ ಒಟ್ಟುಗೂಡಿಸಿ, ಕಾಲೇಜಿನ ಪರವಾಗಿ ಬರೆಯುವುದು ಕಮಿಟಿ ಪತ್ರ. ಸಮಿತಿ ತನ್ನ ಮೌಲ್ಯಮಾಪನ ಸೇರಿಸದೆ ಹಲವರ ಪತ್ರಗಳನ್ನು ಒಂದೇ ಕಟ್ಟಾಗಿ ಕಳಿಸಿದರೆ ಅದು ಲೆಟರ್ ಪ್ಯಾಕೆಟ್. ಕಮಿಟಿ ಪತ್ರವಾಗಲಿ ಪ್ಯಾಕೆಟ್ ಆಗಲಿ, ಆಮ್‌ಕ್ಯಾಸ್‌ನಲ್ಲಿ ಒಂದೇ ನಮೂದು ಎಂದು ಲೆಕ್ಕ. ಒಳಗೆ ಐದು ಜನರ ಪತ್ರಗಳಿದ್ದರೂ ಅಷ್ಟೇ. ಅದೇ ಐದು ಜನರನ್ನು ಮತ್ತೆ ಬೇರೆಯಾಗಿ ನಮೂದಿಸಿ, ಎರಡೆರಡು ಸಲ ಪತ್ರ ಹೋಗುವಂತೆ ಮಾಡಬೇಡಿ.

ಕಮಿಟಿ ಇದ್ದರೆ ಅದರ ವೇಳಾಪಟ್ಟಿಯನ್ನು ಅರ್ಜಿ ಹಾಕುವ ಹಿಂದಿನ ವರ್ಷವೇ ಕೇಳಿ ತಿಳಿದುಕೊಳ್ಳಿ. ಅವರ ಒಳಗಿನ ಅರ್ಜಿ, ಸಂದರ್ಶನ, ಪತ್ರ ಸಂಗ್ರಹದ ಗಡುವುಗಳು ಅರ್ಜಿ ತೆರೆಯುವುದಕ್ಕಿಂತ ಎಷ್ಟೋ ತಿಂಗಳು ಮುಂಚೆಯೇ ಮುಗಿದುಹೋಗಿರುತ್ತವೆ. ಗಡುವು ತಪ್ಪಿಸಿಕೊಂಡು ವೈಯಕ್ತಿಕ ಪತ್ರಗಳನ್ನೇ ಕಳಿಸಿದಾಗ, "ನಿಮ್ಮ ಕಾಲೇಜಿನಲ್ಲಿ ಕಮಿಟಿ ಇದೆಯಲ್ಲ, ಯಾಕೆ ಬಳಸಲಿಲ್ಲ?" ಎಂದು ಕೆಲವು ವೈದ್ಯಕೀಯ ಕಾಲೇಜುಗಳು ಸೆಕೆಂಡರಿ ಅರ್ಜಿಯಲ್ಲಿ ಕಾರಣ ಕೇಳುತ್ತವೆ. ಸೆಕೆಂಡರಿ ಎಂದರೆ ಮೊದಲ ಸಾಮಾನ್ಯ ಅರ್ಜಿ ತಲುಪಿದ ಮೇಲೆ ಕಾಲೇಜು ತಾನೇ ಕಳಿಸುವ ಎರಡನೇ ಅರ್ಜಿ. ಕಮಿಟಿಯೇ ಇಲ್ಲದ ಕಾಲೇಜಿನಲ್ಲಿ ಓದಿದವರು ಚಿಂತಿಸಬೇಕಿಲ್ಲ, ಅವರಿಂದ ಕಮಿಟಿ ಪತ್ರವನ್ನು ಯಾರೂ ನಿರೀಕ್ಷಿಸುವುದಿಲ್ಲ.

ಹಂತ 3: ಯಾರಿಂದ ಬರೆಸಬೇಕು

ಹೆಚ್ಚಿನ ಕಾಲೇಜುಗಳಿಗೆ ಹೊಂದುವ ಮೂಲ ಜೋಡಣೆ ಹೀಗಿದೆ: ವಿಜ್ಞಾನದ ಇಬ್ಬರು ಪ್ರೊಫೆಸರು, ವಿಜ್ಞಾನೇತರ ವಿಷಯದ ಒಬ್ಬರು, ಜೊತೆಗೆ ನಿಮ್ಮನ್ನು ಕೆಲಸದಲ್ಲಿ ನೋಡಿದ ಒಬ್ಬರೋ ಇಬ್ಬರೋ. ಆ ಕೊನೆಯವರು ಸಂಶೋಧನೆಯ ಮಾರ್ಗದರ್ಶಕರಾಗಿರಬಹುದು, ಸ್ವಯಂಸೇವೆಯ ಮೇಲ್ವಿಚಾರಕರಾಗಿರಬಹುದು, ವೈದ್ಯರಾಗಿರಬಹುದು.

ಇಲ್ಲಿ "ವಿಜ್ಞಾನ" ಎಂದರೆ ಸಾಮಾನ್ಯವಾಗಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ. ಮನಃಶಾಸ್ತ್ರವನ್ನೋ ಎಂಜಿನಿಯರಿಂಗನ್ನೋ ವಿಜ್ಞಾನವೆಂದು ಒಪ್ಪುತ್ತಾರೆಯೇ ಎಂಬುದು ಕಾಲೇಜಿಗೆ ಬಿಟ್ಟದ್ದು. ಅನುಮಾನವಿದ್ದರೆ ಮೇಲ್ ಬರೆದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಇನ್ನೊಂದು ವಿಷಯ: ಪ್ರೊಫೆಸರು ನಿಮಗೆ ತರಗತಿಯಲ್ಲಿ ಪಾಠ ಮಾಡಿ ಅಂಕ ಕೊಟ್ಟಿರಬೇಕು ಎಂದು ಅನೇಕ ಕಡೆ ನಿರೀಕ್ಷೆ ಇದೆ. ನೀವು ಬರಿದೆ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದರೆ ಆ ಪತ್ರ ಸಂಶೋಧನೆಯ ಲೆಕ್ಕಕ್ಕೆ ಸೇರಬಹುದು, ವಿಜ್ಞಾನ ಪ್ರೊಫೆಸರ ಲೆಕ್ಕಕ್ಕೆ ಸೇರದೇ ಹೋಗಬಹುದು.

ಮುನ್ನೂರು ಜನರ ತರಗತಿಯಲ್ಲಿ ಪ್ರೊಫೆಸರಿಗೆ ನಿಮ್ಮ ಮುಖವೇ ಗೊತ್ತಿಲ್ಲದಿದ್ದರೆ? ನಿಮ್ಮನ್ನು ವಾರವಾರ ನೋಡಿದ ಬೋಧನಾ ಸಹಾಯಕರು ಕರಡು ಬರೆದು, ಪ್ರೊಫೆಸರು ಅದಕ್ಕೆ ಜೊತೆಯಾಗಿ ಸಹಿ ಹಾಕುವ ಪದ್ಧತಿ ಇದೆ. ಸಹಾಯಕರೊಬ್ಬರೇ ಸಹಿ ಹಾಕಿದ ಪತ್ರವನ್ನು ಹಲವು ಕಡೆ ಪ್ರೊಫೆಸರ ಪತ್ರವೆಂದು ಒಪ್ಪುವುದಿಲ್ಲ. ಇನ್ನೂ ಎರಡನೇ ವರ್ಷದಲ್ಲಿರುವವರು ಇದನ್ನು ಓದುತ್ತಿದ್ದರೆ, ಈ ಸೆಮಿಸ್ಟರ್‌ನಿಂದಲೇ ಪ್ರೊಫೆಸರುಗಳು ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ವೇಳೆಯಲ್ಲಿ ಹೋಗಿ ಮಾತನಾಡಿಸಿ. ಪತ್ರದಲ್ಲಿ ಬರೆಯಲು ಅವರಿಗೆ ಏನಾದರೂ ಸಿಗುವುದು ಆ ಭೇಟಿಗಳಿಂದಲೇ.

ಡಿ.ಓ. ಕಾಲೇಜುಗಳಿಗೆ: ಹಲವು ಕಾಲೇಜುಗಳು ವೈದ್ಯರೊಬ್ಬರ ಪತ್ರವನ್ನು ಕೇಳುತ್ತವೆ. ಕೆಲವಕ್ಕೆ ಎಂ.ಡಿ. ಆದರೂ ಸರಿ ಡಿ.ಓ. ಆದರೂ ಸರಿ. ಕೆಲವು ಡಿ.ಓ. ವೈದ್ಯರದ್ದೇ ಆಗಿರಲಿ ಎಂದು ಬಯಸುತ್ತವೆ, ಕೆಲವೆಡೆ ಅದು ಕಡ್ಡಾಯ. ಹಾಗಾಗಿ ಒಬ್ಬ ಡಿ.ಓ. ವೈದ್ಯರ ಜೊತೆ ಶ್ಯಾಡೋಯಿಂಗ್ ಮಾಡಿ, ಅಂದರೆ ಅವರ ಜೊತೆಗಿದ್ದು ರೋಗಿಗಳನ್ನು ನೋಡುವ ಬಗೆಯನ್ನು ಗಮನಿಸಿ, ಅವರಿಂದ ಪತ್ರ ಪಡೆದರೆ ಎಲ್ಲ ಬಾಗಿಲೂ ತೆರೆದಿರುತ್ತವೆ. ಒಂದೇ ಮಧ್ಯಾಹ್ನ ಜೊತೆಗಿದ್ದು ಪತ್ರ ಕೇಳಬೇಡಿ. ಹಲವು ದಿನ ಹೋಗಿ, ಪ್ರಶ್ನೆ ಕೇಳಿ, ಅವರಿಗೆ ನಿಮ್ಮ ಪರಿಚಯವಾಗಲಿ. ಡಿ.ಓ. ವೈದ್ಯರ ಪರಿಚಯವಿಲ್ಲದವರು ಈ ಹುಡುಕಾಟವನ್ನು ಒಂದು ವರ್ಷ ಮೊದಲೇ ಶುರು ಮಾಡಬೇಕು.

ಎಂ.ಡಿ. ಕಾಲೇಜುಗಳಿಗೆ ವೈದ್ಯರ ಪತ್ರ ಹೆಚ್ಚಾಗಿ ಐಚ್ಛಿಕ. ಪ್ರೊಫೆಸರುಗಳ ಪತ್ರದ ಬದಲಿಗೆ ಅದನ್ನು ಕೊಡಲು ಬರುವುದಿಲ್ಲ.

ಎಂ.ಡಿ.-ಪಿಎಚ್.ಡಿ.ಗೆ: ಈ ಜಂಟಿ ತರಬೇತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1964ರಿಂದ ಹಣ ಕೊಡುತ್ತಿದೆ. ಈ ಕೋರ್ಸುಗಳ ಪ್ರವೇಶ ಸಮಿತಿಗಳು ಹುಡುಕುವುದು ವಿಜ್ಞಾನಿಯಾಗಬಲ್ಲ ವೈದ್ಯರನ್ನು. ನೀವು ಗಣನೀಯ ಅವಧಿ ಕೆಲಸ ಮಾಡಿದ ಪ್ರತಿ ಪ್ರಯೋಗಾಲಯದ ಮುಖ್ಯಸ್ಥರಿಂದಲೂ ಪತ್ರ ಇರಬೇಕು. ಎರಡು ವರ್ಷ ದುಡಿದ ಲ್ಯಾಬಿನಿಂದ ಪತ್ರವೇ ಇಲ್ಲದಿದ್ದರೆ "ಅಲ್ಲೇನಾಯಿತು?" ಎಂಬ ಅನುಮಾನ ಬರುತ್ತದೆ. ನೀವು ಪ್ರಶ್ನೆಯನ್ನು ಹೇಗೆ ರೂಪಿಸುತ್ತೀರಿ, ಪ್ರಯೋಗ ಕೈಕೊಟ್ಟಾಗ ಏನು ಮಾಡುತ್ತೀರಿ ಎಂಬುದು ಆ ಪತ್ರದಲ್ಲಿ ಬರಲಿ.

ಈಗ ಆ ದೊಡ್ಡ ಡಾಕ್ಟರ ವಿಷಯ. ಮಗುವನ್ನು ಹುಟ್ಟಿದಾಗಿನಿಂದ ಬಲ್ಲ, ಹಬ್ಬಕ್ಕೆ ಮನೆಗೆ ಬರುವ ಅಂಕಲ್ ಹೃದ್ರೋಗ ತಜ್ಞರಾಗಿರಬಹುದು, ವಿಭಾಗದ ಮುಖ್ಯಸ್ಥರೇ ಆಗಿರಬಹುದು. ಅವರ ಪತ್ರದಲ್ಲಿ ಇರುವುದು "ಒಳ್ಳೆಯ ಮನೆತನದ ಹುಡುಗಿ, ತುಂಬ ಚುರುಕು" ಎಂಬಷ್ಟೇ. ಪ್ರವೇಶ ಸಮಿತಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬಂಧುಗಳ ಪತ್ರವಂತೂ ಕಳಿಸಲೇಬಾರದು. ಅಂಕಲ್ ಮನಸ್ಸಿಗೆ ನೋವಾಗುತ್ತದೆ ಎಂದು ತಂದೆತಾಯಿ ಒತ್ತಾಯಿಸಿದರೆ, ಅವರ ಬಳಿ ಪತ್ರದ ಬದಲು ಬೇರೆ ಸಹಾಯ ಕೇಳಿ: ಸಂದರ್ಶನದ ಅಭ್ಯಾಸ ಮಾಡಿಸುವುದು, ಶ್ಯಾಡೋಯಿಂಗ್‌ಗೆ ಬೇರೊಬ್ಬ ವೈದ್ಯರ ಪರಿಚಯ ಮಾಡಿಕೊಡುವುದು. ಅದರಿಂದ ಮಗುವಿಗೆ ನಿಜವಾಗಿಯೂ ಪ್ರಯೋಜನವಾಗುತ್ತದೆ.

ಹಂತ 4: ಕೇಳುವ ರೀತಿ

ಪತ್ರ ಕೈಗೆ ಬರಬೇಕಾದ ದಿನಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ಕೇಳಿ. ಸಾಧ್ಯವಾದರೆ ಎದುರಿಗೇ ಹೋಗಿ. "ನನಗೊಂದು ಪತ್ರ ಬರೆದುಕೊಡುತ್ತೀರಾ?" ಎನ್ನಬೇಡಿ, "ವೈದ್ಯಕೀಯ ಕಾಲೇಜಿಗೆ ನನ್ನ ಪರವಾಗಿ ಗಟ್ಟಿಯಾದ ಪತ್ರ ಬರೆಯುವಷ್ಟು ನನ್ನ ಪರಿಚಯ ನಿಮಗಿದೆ ಅನಿಸುತ್ತದೆಯೇ?" ಎಂದು ಕೇಳಿ. ಅವರಿಗೆ ಹಿಂಜರಿಕೆ ಇದ್ದರೆ ಮರ್ಯಾದೆಯಿಂದ ಹಿಂದೆ ಸರಿಯಲು ಈ ಪ್ರಶ್ನೆಯಲ್ಲಿ ದಾರಿ ಇದೆ. ಅವರು ಅನುಮಾನಿಸಿದರೆ ಧನ್ಯವಾದ ಹೇಳಿ ಮುಂದಿನವರ ಬಳಿ ಹೋಗಿ. ಗುರುಗಳಿಗೆ ತೊಂದರೆ ಕೊಡುವುದು ಹೇಗೆ ಎಂಬ ಸಂಕೋಚ ನಮ್ಮ ಮಕ್ಕಳಲ್ಲಿ ಬಹಳ ಇದೆ. ಇಲ್ಲಿ ಪತ್ರ ಬರೆಯುವುದು ಅಧ್ಯಾಪಕರ ಕೆಲಸದ ಭಾಗವೇ, ವೇಳೆಗೆ ಸರಿಯಾಗಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಹಂತ 5: ಬರೆಯುವವರ ಕೈಗೆ ಏನೇನು ಕೊಡಬೇಕು

ಒಪ್ಪಿದ ದಿನವೇ ಒಂದೇ ಮೇಲ್‌ನಲ್ಲಿ ಇವನ್ನು ಕಳಿಸಿ: ನಿಮ್ಮ ರೆಸ್ಯೂಮೆ, ಅವರ ತರಗತಿಯಲ್ಲಿ ನೀವು ಮಾಡಿದ ಒಂದೆರಡು ಕೆಲಸಗಳ ನೆನಪು, ವೈಯಕ್ತಿಕ ಪ್ರಬಂಧದ ಕರಡು, ಪತ್ರ ಬೇಕಾದ ದಿನಾಂಕ, ಮತ್ತು ಪತ್ರ ಬರೆಯುವವರಿಗಾಗಿ ಎಎಎಂಸಿ ಸಿದ್ಧಪಡಿಸಿರುವ ಮಾರ್ಗಸೂಚಿ. ಆ ಮಾರ್ಗಸೂಚಿ ಚಿಕ್ಕದು, ಉಪಯುಕ್ತವಾದದ್ದು. ಬರಿಯ ಹೊಗಳಿಕೆಗಿಂತ ನಿಮ್ಮ ನಡವಳಿಕೆಯನ್ನು ಕಣ್ಣಾರೆ ಕಂಡ ಪ್ರಸಂಗಗಳನ್ನು ಬರೆಯಿರಿ ಎಂಬುದು ಅದರ ಒತ್ತು.

ಪತ್ರದ ಬಗ್ಗೆ ನಾಲ್ಕು ವಿಷಯಗಳನ್ನು ವಿನಯದಿಂದಲೇ ಸ್ಪಷ್ಟವಾಗಿ ತಿಳಿಸಿ. ಸಂಸ್ಥೆಯ ಲೆಟರ್‌ಹೆಡ್ ಇರಬೇಕು. ಸಹಿ ಮತ್ತು ದಿನಾಂಕ ಇರಬೇಕು. ಸಂಬೋಧನೆ "ಪ್ರವೇಶ ಸಮಿತಿಗೆ" ಎಂದು ಸಾಮಾನ್ಯವಾಗಿರಲಿ, ಯಾವುದೇ ಒಂದು ಕಾಲೇಜಿನ ಹೆಸರು ಬೇಡ. ನಾಲ್ಕನೆಯದನ್ನು ಎಷ್ಟೋ ಜನ ಮರೆಯುತ್ತಾರೆ: "ಒಳ್ಳೆಯ ಎಂ.ಡಿ. ಆಗುತ್ತಾಳೆ" ಎಂದು ಬರೆಯುವ ಬದಲು "ಒಳ್ಳೆಯ ವೈದ್ಯೆಯಾಗುತ್ತಾಳೆ" ಎಂದು ಬರೆಯಲಿ. ಆ ಎರಡಕ್ಷರದಿಂದಾಗಿ ಪತ್ರವನ್ನು ಡಿ.ಓ. ಕಾಲೇಜಿಗೆ ಕಳಿಸಲು ಮುಜುಗರವಾಗುತ್ತದೆ. ಇದೇ ಮಾತು ಹಿಂದುಮುಂದಾಗಿಯೂ ನಿಜ. ಆಸ್ಟಿಯೋಪಥಿಯನ್ನೇ ಕುರಿತು ಡಿ.ಓ. ವೈದ್ಯರು ಬರೆದ ಪತ್ರ ಆಕೋಮಾಸ್‌ಗೆ ಹೋಗಲಿ, ಆಮ್‌ಕ್ಯಾಸ್‌ಗೆ ಬೇಡ.

ನಮ್ಮ ಹೆಸರುಗಳ ಬಗ್ಗೆಯೂ ಒಂದು ಎಚ್ಚರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರೋ ತಂದೆಯ ಹೆಸರೋ ಸೇರಿರುತ್ತದೆ, ತರಗತಿಯಲ್ಲಿ ಕರೆಯುವುದು ಮೊಟಕು ಹೆಸರಿನಿಂದ. ಅರ್ಜಿಯಲ್ಲಿರುವ ಪೂರ್ಣ ಹೆಸರನ್ನೂ ನಿಮ್ಮ ಎಎಎಂಸಿ ಗುರುತು ಸಂಖ್ಯೆಯನ್ನೂ ಬರೆದು ಕೊಡಿ, ಪತ್ರದ ಮೇಲ್ಭಾಗದಲ್ಲಿ ಹಾಕಲು ಕೇಳಿ.

ಹಂತ 6: ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡಿ

1974ರ ಫರ್ಪಾ ಎಂಬ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆ ನೋಡುವ ಹಕ್ಕಿದೆ. "ಈ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ?" ಎಂದು ಕೇಳಿದಾಗ ಹೌದು ಎನ್ನಿ. ವಿದ್ಯಾರ್ಥಿ ನೋಡಬಹುದಾದ ಪತ್ರವನ್ನು ಸಮಿತಿಗಳು ಪೂರ್ತಿ ನಂಬುವುದಿಲ್ಲ, ಕೆಲವು ಪ್ರೊಫೆಸರುಗಳು ಅಂಥದ್ದನ್ನು ಬರೆಯುವುದೂ ಇಲ್ಲ. "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಅಪ್ರಾಮಾಣಿಕ, ಮತ್ತು ನಿಮ್ಮ ಪ್ರಬಂಧದ ಶೈಲಿಯೇ ಪತ್ರದಲ್ಲೂ ಕಂಡರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ಅವರಿಗೆ ಬೇಕಾದ ಅಂಶಗಳ ಪಟ್ಟಿ ಮಾಡಿಕೊಟ್ಟು, ಬರೆಯುವುದನ್ನು ಅವರಿಗೇ ಬಿಡಿ.

ಹಂತ 7: ಮೂರು ವ್ಯವಸ್ಥೆ, ಮೂರು ದಾರಿ

ಆಮ್‌ಕ್ಯಾಸ್: ಅರ್ಜಿಯಲ್ಲಿ ಪ್ರತಿ ಪತ್ರವನ್ನೂ ನಮೂದಿಸಿದಾಗ ಅದಕ್ಕೊಂದು ಲೆಟರ್ ಐಡಿ ಸಿಗುತ್ತದೆ. ಅದಿರುವ ಲೆಟರ್ ರಿಕ್ವೆಸ್ಟ್ ಫಾರಂ ಅನ್ನು ಇಳಿಸಿಕೊಂಡು ಬರೆಯುವವರಿಗೆ ಕಳಿಸಿ. ಅವರು ಒಮ್ಮೆ ಅಪ್‌ಲೋಡ್ ಮಾಡಿದರೆ ಸಾಕು. ಯಾವ ಪತ್ರ ಯಾವ ಕಾಲೇಜಿಗೆ ಎಂದು ನೀವು ಹಂಚಬಹುದು. ಸಂಶೋಧನೆಗೆ ಒತ್ತು ಕೊಡುವ ಕಾಲೇಜಿಗೆ ಲ್ಯಾಬಿನ ಪತ್ರ, ಸಮುದಾಯ ಸೇವೆಗೆ ಒತ್ತು ಕೊಡುವಲ್ಲಿಗೆ ಸ್ವಯಂಸೇವೆಯ ಪತ್ರ, ಹೀಗೆ. ಈ ಅನುಕೂಲ ಇರುವುದು ಇಲ್ಲಿ ಮಾತ್ರ.

ಆಕೋಮಾಸ್: ಬರೆಯುವವರ ಮೇಲ್ ವಿಳಾಸ ಕೊಟ್ಟರೆ ವ್ಯವಸ್ಥೆಯೇ ಅವರಿಗೆ ಕೊಂಡಿ ಕಳಿಸುತ್ತದೆ. ಆ ಮೇಲ್ ಸ್ಪ್ಯಾಮ್‌ಗೆ ಹೋಗುವುದುಂಟು, ಬಂತೇ ಎಂದು ಕೇಳಿ. ಬಂದ ಪತ್ರ ನೀವು ಆರಿಸಿದ ಎಲ್ಲ ಕಾಲೇಜುಗಳಿಗೂ ಹೋಗುತ್ತದೆ, ಹಂಚಿಕೆ ಸಾಧ್ಯವಿಲ್ಲ. ಒಮ್ಮೆ ಸೇರಿದ ಪತ್ರವನ್ನು ತೆಗೆಯಲು, ಬದಲಿಸಲು ಬರುವುದಿಲ್ಲ. ಜಾಗವೂ ಆಮ್‌ಕ್ಯಾಸ್‌ನಷ್ಟಿಲ್ಲ.

ಟಿಎಂಡಿಎಸ್‌ಎಎಸ್: ಇಲ್ಲೂ ಎಲ್ಲ ಪತ್ರ ಎಲ್ಲ ಕಾಲೇಜಿಗೂ ಹೋಗುತ್ತದೆ. ಎಷ್ಟು ಪತ್ರ ಎಂಬುದು ಬಿಗಿಯಾಗಿ ನಿಗದಿಯಾಗಿದೆ, ಕಮಿಟಿ ಪ್ಯಾಕೆಟ್ ಇದ್ದವರಿಗೆ ಒಂದು ಲೆಕ್ಕ, ವೈಯಕ್ತಿಕ ಪತ್ರದವರಿಗೆ ಇನ್ನೊಂದು. ಆ ವರ್ಷದ ಕೈಪಿಡಿಯನ್ನೇ ನೋಡಿ. ಲೆಟರ್‌ಹೆಡ್, ಸಹಿ ಇಲ್ಲದ ಪತ್ರವನ್ನು ಇಲ್ಲಿ ಹಿಂದಿರುಗಿಸುವ ಸಾಧ್ಯತೆ ಹೆಚ್ಚು.

ಬಿಗಿಯಾದ ಕಡೆಯಿಂದ ಯೋಜಿಸಿ ಎಂದದ್ದು ಇದಕ್ಕಾಗಿಯೇ. ಯಾವ ಮೂರು ಅಥವಾ ನಾಲ್ಕು ಪತ್ರಗಳು ಎಲ್ಲಿಗೆ ಹೋದರೂ ಸಲ್ಲುತ್ತವೆಯೋ ಅವನ್ನು ಮೊದಲು ಗುರುತಿಸಿ, ಟೆಕ್ಸಸ್‌ಗೂ ಡಿ.ಓ.ಗೂ ಅವು ಹೋಗಲಿ. ಹೆಚ್ಚುವರಿ ಪತ್ರಗಳನ್ನು ಆಮ್‌ಕ್ಯಾಸ್‌ನಲ್ಲಿ ಬೇಕಾದ ಕಾಲೇಜಿಗೆ ಮಾತ್ರ ಹಂಚಿ.

ಮೂರು ಕಡೆಗೂ ಪ್ರೊಫೆಸರೇ ಅಪ್‌ಲೋಡ್ ಮಾಡಬೇಕೇ? ಬೇಕಿಲ್ಲ. ಇಂಟರ್‌ಫೋಲಿಯೋ ಎಂಬ ಸೇವೆ ಇದೆ, ಪತ್ರ ಕಳಿಸಲು ಹಣ ಕಟ್ಟಬೇಕು. ಬರೆಯುವವರು ಅಲ್ಲಿಗೆ ಒಮ್ಮೆ ಪತ್ರ ಹಾಕಿದರೆ, ನೀವು ಅದನ್ನು ತೆರೆದು ನೋಡದೆಯೇ ಬೇಕಾದ ಕಡೆ ಕಳಿಸಬಹುದು. ಆಮ್‌ಕ್ಯಾಸ್‌ಗೆ ಕಳಿಸುವಾಗ ಲೆಟರ್ ಐಡಿ ಕೊಡಬೇಕು. ಆಕೋಮಾಸ್‌ಗೆ ಆ ಪತ್ರಕ್ಕೆಂದೇ ಇಂಟರ್‌ಫೋಲಿಯೋ ಕೊಡುವ ವಿಶೇಷ ಮೇಲ್ ವಿಳಾಸವನ್ನು ಬರೆಯುವವರ ವಿಳಾಸದ ಜಾಗದಲ್ಲಿ ತುಂಬಬೇಕು. ಪದವಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಅರ್ಜಿ ಹಾಕುವವರಿಗೆ, ಪ್ರೊಫೆಸರಿಗೆ ನಿಮ್ಮ ನೆನಪು ಹಸಿಯಾಗಿರುವಾಗಲೇ ಬರೆಸಿ ಇಡಲು ಇದು ಒಳ್ಳೆಯ ಜಾಗ.

ಹಂತ 8: ಕಾಯುತ್ತಾ ಅರ್ಜಿ ನಿಲ್ಲಿಸಬೇಡಿ

ಮೂರೂ ಅರ್ಜಿಗಳು ಮೇ ತಿಂಗಳಲ್ಲಿ ತೆರೆಯುತ್ತವೆ. ಪ್ರತಿ ವರ್ಷ ಕೆಲವರು "ಇನ್ನೊಂದು ಲೆಟರ್ ಬರಬೇಕು, ಬಂದ ಮೇಲೆ ಸಬ್‌ಮಿಟ್ ಮಾಡ್ತೀನಿ" ಎಂದು ವಾರಗಟ್ಟಲೆ ಕೂರುತ್ತಾರೆ. ಅದರ ಅಗತ್ಯವಿಲ್ಲ. ಅಂಕಪಟ್ಟಿಯನ್ನು ತಾಳೆ ನೋಡುವ ವೆರಿಫಿಕೇಶನ್ ಕೆಲಸ ಪತ್ರಗಳಿಗಾಗಿ ಕಾಯುವುದಿಲ್ಲ. ಬೇಸಿಗೆಯ ನೂಕುನುಗ್ಗಲಿನಲ್ಲಿ ಅದಕ್ಕೇ ವಾರಗಳು ಹಿಡಿಯುತ್ತವೆ. ಅರ್ಜಿ ಸಲ್ಲಿಸಿ, ಪತ್ರಗಳು ಹಿಂದಿನಿಂದ ಬರಲಿ. ಆದರೆ ಸೆಕೆಂಡರಿ ಸಲ್ಲಿಸುವ ಹೊತ್ತಿಗೆ ಪತ್ರಗಳೆಲ್ಲ ತಲುಪಿರಬೇಕು, ಏಕೆಂದರೆ ಅವಿಲ್ಲದೆ ಬಹಳಷ್ಟು ಕಾಲೇಜುಗಳು ನಿಮ್ಮ ಕಡತವನ್ನು ಪೂರ್ಣವೆಂದು ಪರಿಗಣಿಸಿ ಓದಲು ತೆಗೆದುಕೊಳ್ಳುವುದಿಲ್ಲ.

ಬರೆಯುವವರಿಗೆ ನಿಜವಾದ ಗಡುವಿಗಿಂತ ಮೂರು ವಾರ ಮುಂಚಿನ ದಿನಾಂಕ ಹೇಳಿ. ಎರಡು ವಾರ ಮೊದಲು ಒಂದು ಸಣ್ಣ ನೆನಪೋಲೆ ಕಳಿಸಿ, ಗಡುವಿನ ವಾರದಲ್ಲಿ ಇನ್ನೊಂದು. ಆಮೇಲೂ ಸುದ್ದಿಯಿಲ್ಲದಿದ್ದರೆ ವಿಭಾಗದ ಕಚೇರಿಯಲ್ಲಿ ವಿಚಾರಿಸಿ. ಯಾರೋ ಒಬ್ಬರು ಕೈಬಿಡಬಹುದು ಎಂದುಕೊಂಡೇ ಆರಂಭದಲ್ಲಿ ಒಬ್ಬರನ್ನು ಹೆಚ್ಚಾಗಿ ಕೇಳಿಟ್ಟಿರಬೇಕು. ಆಮ್‌ಕ್ಯಾಸ್‌ನಲ್ಲಿ ಬರದೇ ಹೋದ ಪತ್ರವನ್ನು "ಇನ್ನು ಬರುವುದಿಲ್ಲ" ಎಂದು ಗುರುತು ಮಾಡಬಹುದು, ಸಲ್ಲಿಸಿದ ನಂತರವೂ ಹೊಸ ಪತ್ರ ಸೇರಿಸಬಹುದು. ಗುರುತು ಮಾಡದೆ ಬಿಟ್ಟರೆ ಕೆಲವು ಕಾಲೇಜುಗಳು ಆ ಪತ್ರಕ್ಕಾಗಿ ಕಾಯುತ್ತಲೇ ಇರುತ್ತವೆ.

ಹಂತ 9: ಮರು ಅರ್ಜಿ ಹಾಕುವವರಿಗೆ

ಹಿಂದಿನ ವರ್ಷದ ಪತ್ರಗಳನ್ನು ಆಮ್‌ಕ್ಯಾಸ್ ಮುಂದಿನ ವರ್ಷಕ್ಕೆ ಒಯ್ಯುವುದಿಲ್ಲ, ಎಲ್ಲವನ್ನೂ ಹೊಸದಾಗಿ ಕಳಿಸಬೇಕು. ಹಳೆಯ ದಿನಾಂಕದ ಪತ್ರವನ್ನೇ ಮತ್ತೆ ಹಾಕಬೇಡಿ. ಬರೆದವರನ್ನು ಭೇಟಿಯಾಗಿ, ಈ ಒಂದು ವರ್ಷದಲ್ಲಿ ಏನು ಮಾಡಿದಿರಿ ಎಂದು ತಿಳಿಸಿ, ಒಂದೆರಡು ಸಾಲು ಸೇರಿಸಿ ಹೊಸ ದಿನಾಂಕ ಹಾಕಿಕೊಡಲು ಕೇಳಿ. ಜೊತೆಗೆ ಕಡೇಪಕ್ಷ ಒಂದು ಪತ್ರವಾದರೂ ಹೊಸಬರಿಂದ ಇರಲಿ, ಈ ವರ್ಷ ನಿಮ್ಮನ್ನು ಕೆಲಸದಲ್ಲಿ ನೋಡಿದವರಿಂದ. ಬರೆದುಕೊಟ್ಟ ಎಲ್ಲರಿಗೂ ಫಲಿತಾಂಶ ತಿಳಿಸಿ, ಸೀಟು ಸಿಕ್ಕರೂ ಸಿಗದಿದ್ದರೂ. ಸಿಗದಿದ್ದ ವರ್ಷ ಅದನ್ನು ಹೇಳಲು ಹೋದಾಗಲೇ ಮುಂದಿನ ಸಲದ ಪತ್ರದ ಮಾತನ್ನೂ ಆಡಿ ಬನ್ನಿ.